ಸೈಲೆನ್ಸರಿನ ಮೂಗು

ಚುಸ್, ಚುಸ್, ಚುಸ್. ಯಾರೋ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡಷ್ಟು ಸಣ್ಣ ಸದ್ದು. ರಾತ್ರಿ ಹನ್ನೊಂದೂವರೆ. ಬಿಡದಿಯ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಬಂದು ಮಾಗಡಿಯ ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿದ್ದೆ, ಇಂಜಿನ್ ಇನ್ನೂ ಆರಿಸಿರಲಿಲ್ಲ. ಹಗಲಿನಲ್ಲಿ ಬಸ್ಸು, ಟ್ರ್ಯಾಕ್ಟರುಗಳ ನಡುವೆ ಆ ಸದ್ದು ನನಗೆ ಯಾವತ್ತೂ ಕೇಳಿರಲಿಲ್ಲ. ಕಿಟಕಿ ಇಳಿಸಿ, ಉಸಿರು ಬಿಗಿಹಿಡಿದು ಕೂತೆ. ನನ್ನ ಕಾಲಿನ ಕೆಳಗಿನಿಂದ, ತುಸು ಮುಂದಿನಿಂದ ಬರುತ್ತಿತ್ತು.

ಏಳು ವರ್ಷ ಹಳೆಯ ಕಾರು. ಸಂಕ್ರಾಂತಿಯವರೆಗೂ ಲೀಟರಿಗೆ ಹದಿನೈದು ಕಿಲೋಮೀಟರ್ ಓಡುತ್ತಿದ್ದದ್ದು ಒಂದೇ ತಿಂಗಳಲ್ಲಿ ಹತ್ತಕ್ಕೆ ಇಳಿದಿತ್ತು. ಸೈಲೆನ್ಸರಿನ ಬಾಯಿಗೆ ಬೆರಳಿಟ್ಟರೆ ಕಾಡಿಗೆಯಂಥ ಮಸಿ ಅಂಟುತ್ತಿತ್ತು. ತಪ್ಪು ಕಾರಿನದಲ್ಲ, ನನ್ನ ಎಡಗಾಲಿನದು ಎಂದು ನನ್ನ ಗಂಡ ಮನೋಹರ್ ತೀರ್ಮಾನಿಸಿದ್ದರು.

"ಗಾಡಿ ಸರಿಯಾಗೇ ಐತೆ ಕಣೆ. ನೀನು ಕ್ಲಚ್ ಮೇಲೆ ನಿಂತ್ಕಂಡು ಓಡಿಸ್ತೀಯ," ಎಂದು ಊಟದ ಹೊತ್ತಿಗೆ ದಿನವೂ ಹೇಳುತ್ತಿದ್ದರು. ಕೊನೆಗೆ ಕಾರು ಕೊಳ್ಳಲು ಕನಕಪುರದವರೊಬ್ಬರನ್ನು ಭಾನುವಾರ ಬರಹೇಳಿದ್ದರು.

ಕಾರು ಹೋದರೆ ನನ್ನ ಕೆಲಸವೂ ಹೋಗುತ್ತದೆ. ಮಾಗಡಿಗೆ ರೈಲಿಲ್ಲ, ಎರಡನೇ ಪಾಳಿ ಬಿಡುವ ಹೊತ್ತಿಗೆ ಬಸ್ಸೂ ಇಲ್ಲ. ಇದು ಮನೋಹರ್‌ಗೂ ಗೊತ್ತಿತ್ತು. ಒಂದಷ್ಟು ದಿನ ಮನೆಯಲ್ಲಿದ್ದರಾಯಿತು ಎಂದಿದ್ದರು. ನಾನು ಆಗ ವಾದ ಮಾಡಲಿಲ್ಲ. ಕೈಯಲ್ಲಿ ಪುರಾವೆ ಏನೂ ಇಲ್ಲದೆ ಮಾತಾಡುವುದು ನನಗೆ ಹೆದರಿಕೆ.

ಕಾರ್ಖಾನೆಯಲ್ಲಿ ನನ್ನದು ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ. ಕಂಡದ್ದನ್ನಷ್ಟೇ ಬರೆಯಬೇಕು, ಅನ್ನಿಸಿದ್ದನ್ನು ಬರೆಯಕೂಡದು ಎಂಬುದು ಅಲ್ಲಿಯ ಮೊದಲ ಪಾಠ. ಆ ರಾತ್ರಿ ಮಲಗಿಕೊಂಡು ಕಂಡದ್ದನ್ನಷ್ಟೇ ಯೋಚಿಸಿದೆ. ಕ್ಲಚ್ ಮೇಲೆ ಕಾಲಿಟ್ಟರೆ ಕ್ಲಚ್ ಸವೆಯುತ್ತದೆ, ಮಸಿ ಬರುವುದಿಲ್ಲ. ಮಸಿ ಬಂದರೆ ಪೆಟ್ರೋಲು ಪೂರ್ತಿ ಉರಿಯುತ್ತಿಲ್ಲ ಎಂದರ್ಥ. ಇಂಜಿನ್ ಕೆಟ್ಟರೆ ಹೊತ್ತಿಕೊಳ್ಳುವ ಹಳದಿ ದೀಪ ಹೊತ್ತಿಲ್ಲವಲ್ಲ ಎಂದು ಮನೋಹರ್ ಕೇಳಿದ್ದರು. ಬೆಳಿಗ್ಗೆ ಎದ್ದವಳೇ ಹೋಗಿ ಕೀ ತಿರುಗಿಸಿ ನೋಡಿದೆ. ಕೀ ತಿರುಗಿಸಿದಾಗ ಉಳಿದ ದೀಪಗಳ ಜೊತೆ ಅದೂ ಒಂದು ಕ್ಷಣ ಹೊತ್ತಿಕೊಳ್ಳಬೇಕು. ಹೊತ್ತಿಕೊಳ್ಳಲಿಲ್ಲ. ಬಲ್ಬೇ ಸುಟ್ಟುಹೋಗಿತ್ತು. ಅದನ್ನು ಸಾಕ್ಷಿಗೆ ಕರೆದು ಪ್ರಯೋಜನವಿರಲಿಲ್ಲ. ನನಗೆ ಧೈರ್ಯ ಬಂತು.

ಅಂದು ಗುರುವಾರ. ಪಾಳಿಗೆ ಮೊದಲೇ ಹೊರಟು ರಾಮನಗರದ ಹುಸೇನ್ ಗ್ಯಾರೇಜಿಗೆ ಹೋದೆ. ರೇಷ್ಮೆ ಬಿಚ್ಚುವ ಶೆಡ್ಡುಗಳ ಹಿಂದೆ ಅವರ ಗ್ಯಾರೇಜು. ಕಾರಿನ ಹೊಗೆಯ ವಾಸನೆ ನೋಡಿ ಎಂದದ್ದಕ್ಕೆ, ಗೂಡು ಬೇಯಿಸೋ ಈ ವಾಸನೆಯಲ್ಲಿ ತಮ್ಮ ಮೂಗು ಸತ್ತು ಇಪ್ಪತ್ತು ವರ್ಷವಾಯಿತು ಎಂದು ನಕ್ಕರು. ನಾನು ಮಸಿ, ದೀಪ, ಸದ್ದು, ಮೂರನ್ನೂ ಕ್ರಮವಾಗಿ ಹೇಳಿದೆ. ಅವರು ನಗು ನಿಲ್ಲಿಸಿ ಕೇಳಿಸಿಕೊಂಡರು.

"ಹಂಗಾದ್ರೆ ಗಾಡಿ ಮೂಗು ನೋಡ್ಬೇಕು ಮೇಡಂ," ಎಂದರು.

ಮೂಗು ಎಂದರೆ ಆಕ್ಸಿಜನ್ ಸೆನ್ಸರ್. ಇಂಜಿನ್ನಿನಿಂದ ಹೊರಬೀಳುವ ಹೊಗೆಯ ದಾರಿಯಲ್ಲಿ ಕೂತು, ಅದರಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ನೋಡಿ, ಕಾರಿನ ಕಂಪ್ಯೂಟರಿಗೆ ತಿಳಿಸುವ ಬೆರಳುದ್ದದ ಸಾಧನ. ಅದರ ಮಾತು ಕೇಳಿಕೊಂಡು ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತದೆ. ಸುದ್ದಿಯೇ ಬಾರದಿದ್ದರೆ, ಇರಲಿ ಎಂದು ಒಂದಿಷ್ಟು ಹೆಚ್ಚೇ ಸುರಿಯುತ್ತದೆ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಊಟಕ್ಕೆ ಎಷ್ಟು ಜನ ಎಂದು ಹೇಳದೆ ಹೋದರೆ ನಾನೂ ಹೆಚ್ಚೇ ಅಕ್ಕಿ ಹಾಕುತ್ತೇನೆ.

ಹುಸೇನ್ ಇಂಜಿನ್ ಬಿಸಿ ಮಾಡಿ, ಸೆನ್ಸರಿನ ವೈರಿಗೆ ಮೀಟರ್ ಹಿಡಿದರು. ಸೆನ್ಸರ್ ಚೆನ್ನಾಗಿದ್ದರೆ ಮುಳ್ಳು ಹಿಂದೆ ಮುಂದೆ ಕುಣಿಯಬೇಕಿತ್ತು. ಸೊನ್ನೆಯ ಮೇಲೆ ಮಲಗಿಯೇ ಇತ್ತು. ಸೆನ್ಸರ್ ಸತ್ತಿರಬೇಕು ಎಂದುಕೊಂಡು ಕಾರನ್ನು ಜಾಕ್ ಕೊಟ್ಟು ಎತ್ತಿ, ಟಾರ್ಚ್ ಹಿಡಿದು ಕೆಳಗೆ ನುಗ್ಗಿದರು. ಆಮೇಲೆ ನನ್ನನ್ನೇ ಕರೆದರು. ಗೋಣಿಚೀಲ ಹಾಸಿಕೊಂಡು, ಯೂನಿಫಾರ್ಮಿನ ಮೇಲೆ ದುಪಟ್ಟಾ ಸುತ್ತಿಕೊಂಡು ನಾನೂ ತಲೆ ತೂರಿಸಿದೆ. ಪೈಪಿನ ಮೇಲೆ ಬಿಳಿ ಪಿಂಗಾಣಿಯ ಮೈಯೊಂದು ಮಿನುಗಿತು.

"ಇದು ಸೆನ್ಸರ್ ಅಲ್ಲ ಮೇಡಂ, ಇಂಜಿನ್ನಿಗೆ ಕಿಡಿ ಹಚ್ಚೋ ಸ್ಪಾರ್ಕ್ ಪ್ಲಗ್ಗು. ಸೀಮೆಎಣ್ಣೆ ಪಂಪ್‌ಸೆಟ್ಟಿಂದು, ಹಳೇ ಕಾಲದ ದಪ್ಪ ಪ್ಲಗ್ಗು. ಎರಡರದ್ದೂ ಥ್ರೆಡ್ ಒಂದೇ ಅಳತೆ, ಅದ್ಕೇ ಕೂತೈತೆ. ಮ್ಯಾಲೆ ವೈರ್ ಬೇರೆ ಕಟ್ಟವ್ನೆ ನೋಡಿ."

ಪ್ಲಗ್ಗಿನ ತಲೆಗೆ ತಾಮ್ರದ ಎಳೆಯನ್ನು ಮೂರು ಸುತ್ತು, ಒಂದರ ಪಕ್ಕ ಒಂದು ಅಂಟಿಕೊಂಡಂತೆ ಸುತ್ತಲಾಗಿತ್ತು. ಪ್ಲಗ್ಗಿನ ಬುಡದಲ್ಲಿ ಮಸಿಯ ಉಂಗುರ. ನಾನು ಕೇಳಿದ ಸದ್ದು ಅಲ್ಲಿಂದಲೇ ಬರುತ್ತಿತ್ತು.

"ಮಾಡಿದೋನು ಕೈ ಬಲ್ಲೋನು," ಎಂದರು ಹುಸೇನ್. "ಕಾರ್ ಒಂದು ಗೊತ್ತಿಲ್ಲ ಅವನಿಗೆ."

ಅವನು ಎಂದದ್ದನ್ನು ನಾನು ತಿದ್ದಲಿಲ್ಲ. ನಮ್ಮ ತೋಟದ ಶೆಡ್ಡಿನಲ್ಲಿ ಅಂಥದೊಂದು ಪಂಪ್‌ಸೆಟ್ ಇದೆ. ಕರೆಂಟ್ ಮೋಟಾರು ಬರುವ ತನಕ ಹನ್ನೊಂದು ವರ್ಷ ಅದನ್ನು ಓಡಿಸಿದ್ದು, ಬಿಚ್ಚಿ ಜೋಡಿಸಿದ್ದು ನನ್ನ ಅತ್ತೆ ಮಾಯಮ್ಮ. ಮನೋಹರ್ ಸೈಕಲ್ ಪಂಕ್ಚರ್‌ಗೂ ಅಂಗಡಿಗೆ ಹೋಗುವವರು. ಹೊಸ ಸೆನ್ಸರನ್ನು ಬೆಂಗಳೂರಿನಿಂದ ಶನಿವಾರಕ್ಕೆ ತರಿಸಲು ಹೇಳಿ ಪಾಳಿಗೆ ಹೋದೆ.

ಶುಕ್ರವಾರ ಬೆಳಿಗ್ಗೆ ಮನೋಹರ್ ಬ್ಯಾಂಕಿಗೆ ಹೊರಟ ಮೇಲೆ ಅಡುಗೆಮನೆಗೆ ಹೋದೆ. ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸುತ್ತಿ ಬಳಸಿ ಕೇಳುವ ಯೋಚನೆಯಿತ್ತು. ಎದುರು ಕೂತಾಗ ಅದು ಸರಿಯೆನಿಸಲಿಲ್ಲ.

"ಅತ್ತೆ, ಪಂಪಿನ ಪ್ಲಗ್ ಎಲ್ಲಿ?"

"ಕಾರ್ಗೆ ಹಾಕಿವ್ನಿ," ಎಂದರು, ಕೈ ನಿಲ್ಲಿಸದೆ. "ಯಾಕೆ, ಗಾಡಿ ನಿಂತೋಯ್ತಾ?"

ಸಂಕ್ರಾಂತಿಯಾದ ಮೇಲೆ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ನಾನು ಒಂದು ವಾರ ಕನಕಪುರದಲ್ಲಿದ್ದೆ. ಅಲ್ಲಿ ಅಣ್ಣನ ಗಾಡಿಯಿದ್ದದ್ದರಿಂದ ಬಸ್ಸಿನಲ್ಲೇ ಹೋಗಿದ್ದೆ. ಆ ವಾರ ಮಧ್ಯಾಹ್ನಗಳಲ್ಲಿ ಅತ್ತೆ ಕಾರನ್ನು ತೆಂಗಿನ ತೋಟದೊಳಗೆ ಓಡಿಸಿದ್ದರು. ಸಂತೆಗೆ ನನ್ನ ಪಕ್ಕ ಕೂತು ಬರುವಾಗ ನನ್ನ ಕಾಲುಗಳನ್ನು ನೋಡಿಯೇ ಕಲಿತರಂತೆ. ಮೂರನೇ ದಿನ ತಿರುಗಿಸುವಾಗ ಕಾರಿನ ಹೊಟ್ಟೆ ಬದುವಿನ ಕಲ್ಲಿಗೆ ತಗುಲಿತು. ಕೆಳಗೆ ಏನೋ ಮುರಿದು ವೈರಿನಲ್ಲಿ ನೇತಾಡಿತು.

"ತೂತ ಹಂಗೇ ಬುಟ್ರೆ ಬುಸ್ ಅಂತಿತ್ತು ಕಣವ್ವ. ಮುರ್ದಿದ್ ಬುಡ ಬಿಚ್ಚಿ ಪಂಪಿನ್ ಪ್ಲಗ್ ತಿರುವ್ದೆ, ಸರಿಯಾಗ್ ಕೂತ್ಕತ್ತು. ವೈರಿತ್ತಲ್ಲ, ತಲೆಗೆ ಸುತ್ತಿದೆ. ವೈರಿರೋದು ಪ್ಲಗ್ಗಿಗೇ ತಾನೆ?"

ಮುಚ್ಚಿಡಲೆಂದು ಮಾಡಿದ್ದಲ್ಲ, ರಿಪೇರಿ ಮಾಡಿದ್ದೇನೆ ಎಂದೇ ಅವರು ತಿಳಿದಿದ್ದರು. ಕಾರು ಸ್ಟಾರ್ಟ್ ಆಯಿತು, ಓಡಿತು. ಅವರ ಮಟ್ಟಿಗೆ ಕೆಲಸ ಮುಗಿದಿತ್ತು. ನಾನು ಮೂಗಿನ ವಿಷಯ ಹೇಳಿದೆ, ಮಸಿ ಯಾಕೆ ಬರುತ್ತಿದೆ ಎಂದು ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಕೈ ನಿಂತಿತು.

"ಅಂಗಾರೆ ಒಂದ್ ತಿಂಗ್ಳಿಂದ ನನ್ ಮಗ ಬಯ್ತಿದ್ದಿದ್ದು ನನ್ನ. ಕೇಳುಸ್ಕತ್ತಿದ್ದೋಳು ನೀನು." ಸಿಪ್ಪೆಯನ್ನು ಮಡಿಲಿಂದ ಕೊಡವಿದರು. "ಇವತ್ತೇ ಯೋಳ್ಬುಡ್ತೀನಿ ಅವನಿಗೆ."

"ಹೇಳಿದರೆ ಏನು ಮಾಡುತ್ತಾರೆ ಅತ್ತೆ?"

"ಮೊದ್ಲು ನಗ್ತಾನೆ. ನೆಂಟ್ರಿಗೆಲ್ಲ ಯೋಳ್ಕಂಡ್ ನಗ್ತಾನೆ. ಆಮ್ಯಾಕೆ ಗಾಡಿ ಮಾರ್ತಾನೆ, ನಮ್ಮಿಬ್ರಿಗೂ ಬುದ್ಧಿ ಇಲ್ಲ ಅಂತ."

ಮಗನನ್ನು ಅವರು ಸರಿಯಾಗಿಯೇ ಅಳೆದಿದ್ದರು. ಭಾನುವಾರದವರೆಗೆ ಸುಮ್ಮನಿರಿ ಎಂದೆ.

ಶನಿವಾರ ಹುಸೇನ್ ಹೊಸ ಸೆನ್ಸರ್ ಕೂರಿಸಿದರು. ಮೀಟರಿನ ಮುಳ್ಳು ಎದ್ದು ಕುಣಿಯಿತು. ಭಾನುವಾರ ಬೆಳಿಗ್ಗೆ ಮನೋಹರ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಗಡಿಯ ಬಂಕಿನಲ್ಲಿ ಟ್ಯಾಂಕಿನ ಕಂಠದ ತನಕ ತುಂಬಿಸಿದೆ. ರಾಮನಗರಕ್ಕೆ ಹೋಗಿ ತಿರುಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ಕಂಠದ ತನಕ. ದಾರಿಯುದ್ದಕ್ಕೂ ಅವರು ನನ್ನ ಎಡಗಾಲನ್ನೇ ನೋಡುತ್ತಿದ್ದರು. ಗೇರ್ ಬದಲಿಸುವಾಗಷ್ಟೇ ನಾನು ಅದನ್ನು ಕ್ಲಚ್ಚಿನ ಮೇಲೆ ಇಟ್ಟೆ. ಲೀಟರಿಗೆ ಹದಿನೈದೂವರೆ ಬಂತು. ಅವರು ಎರಡು ಸಲ ಲೆಕ್ಕ ಹಾಕಿದರು. ಮನೆ ಅಂಗಳದಲ್ಲಿ ಇಳಿದವರೇ ಕನಕಪುರದವರಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ, ಬರುವುದು ಬೇಡ ಎಂದರು.

ಆಮೇಲೆ ನನ್ನ ಕಡೆ ತಿರುಗಿ ಏನಾಗಿತ್ತು ಎಂದು ಕೇಳಿದರು. ಸೈಲೆನ್ಸರಿನ ಸೆನ್ಸರ್ ಮುರಿದಿತ್ತು, ಹೊಸದು ಹಾಕಿಸಿದೆ ಎಂದೆ.

"ಹೇಳ್ಲಿಲ್ವಾ ನಾನು? ಎಲ್ಲೋ ಕಲ್ಲಿಗೆ ಹೊಡ್ಸಿದೀಯ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೇಳಿಬಿಡಲು ಬಾಯಿ ತೆರೆದಿದ್ದರು. ಒಂದು ವಾಕ್ಯ ಸಾಕಿತ್ತು, ತಿಂಗಳ ಬೈಗುಳವೆಲ್ಲ ನನ್ನ ಮೈಮೇಲಿಂದ ಇಳಿದುಹೋಗುತ್ತಿತ್ತು. ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು.

"ಕಲ್ಲಿಗೇ ತಗುಲಿದ್ದು," ಎಂದೆ, ಅತ್ತೆಗಿಂತ ಮೊದಲು.

ಅದು ಸುಳ್ಳಲ್ಲ. ಯಾರು ಓಡಿಸುತ್ತಿದ್ದರು ಎಂದು ಮನೋಹರ್ ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ಇನ್ನುಮುಂದೆ ನೋಡಿಕೊಂಡು ಓಡಿಸು ಎಂದು ಸ್ನಾನಕ್ಕೆ ಹೋದರು.

ಕಾರು ಉಳಿದಿತ್ತು, ಕೆಲಸವೂ. ಸೋಮವಾರ ಪಾಳಿಯಲ್ಲಿ ಇದನ್ನು ಹೇಳಿದರೆ ಹುಡುಗಿಯರು ಬಿದ್ದು ಬಿದ್ದು ನಗುತ್ತಾರೆ. ಕನಕಪುರದಲ್ಲಿ ಅಮ್ಮನಂತೂ ಕಣ್ಣು ಚೆನ್ನಾಗಿ ಕಾಣುತ್ತಿರುವ ಖುಷಿಯಲ್ಲಿ ಊರಿಗೆಲ್ಲ ಹೇಳಿಯಾಳು. ಬಾಗಿಲಲ್ಲಿ ಅತ್ತೆ ಇನ್ನೂ ನನ್ನನ್ನೇ ನೋಡುತ್ತಿದ್ದರು. ಮುಂದಿನ ಭಾನುವಾರ ಮನೋಹರ್ ಮೈಸೂರಿಗೆ ಹೋಗುತ್ತಾರೆ, ನಾವಿಬ್ಬರೂ ಗಾಡಿ ತೋಟಕ್ಕೆ ಒಯ್ಯೋಣ, ಅಷ್ಟರೊಳಗೆ ಬದುವಿನ ಆ ಕಲ್ಲು ಕೀಳಿಸಿಬಿಡಿ ಎಂದು ಮೆಲ್ಲಗೆ ಹೇಳಿದೆ. ಅವರು ತಲೆಯಾಡಿಸಿ ಒಳಗೆ ಹೋದರು. ಅಮ್ಮನಿಗೂ ಇಲ್ಲ, ಪಾಳಿಯ ಗೆಳತಿಯರಿಗೂ ಇಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಅಂಗಳದಲ್ಲಿ ನಿಂತೇ ತೀರ್ಮಾನ ಮಾಡಿದೆ.