ಎಡಕ್ಕೆ ವಾಲಿದ ಗೆರೆಗಳು

ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ಮನೆಯವರೆಲ್ಲ ನನ್ನನ್ನು ಆಡಿಕೊಳ್ಳುತ್ತಾರೆ. ತಮ್ಮನಂತೂ ಚಿಕ್ಕಂದಿನಿಂದ ಕರೆಯುವುದೇ ಪೊಲೀಸಕ್ಕ ಎಂದು. ಕರೆಯಲಿ. ಕೈಕೆಲಸದ ಗ್ಯಾಲರಿ ನಡೆಸುವವಳಿಗೆ ಅನುಮಾನವೇ ಬಂಡವಾಳ. ಯಂತ್ರದ ಕಸೂತಿ ತಂದು ಕೈಯಲ್ಲಿ ಹಾಕಿದ್ದು ಎಂದವರನ್ನೂ, ಕಂಪ್ಯೂಟರಿನ ಪೋಸ್ಟರಿಗೆ ಬೇಕೆಂದೇ ಮಸಿ ಮೆತ್ತಿ ಕೈಯಚ್ಚು ಎಂದವರನ್ನೂ ಬಾಗಿಲಲ್ಲೇ ಹಿಡಿದು ವಾಪಸು ಕಳಿಸಿದ್ದೇನೆ.

ಹೀಗಿರುವಾಗ ನಾದಿನಿ, ಅಂದರೆ ತಮ್ಮನ ಹೆಂಡತಿ, ಹೊಸಬರ ಪ್ರದರ್ಶನಕ್ಕೆಂದು ಒಂದು ಸುರುಳಿ ತಂದು ನನ್ನ ಮೇಜಿನ ಮೇಲಿಟ್ಟಳು.

"ನಾನು ಮಾಡಿದ್ದು ಅತ್ತಿಗೆ. ಇಷ್ಟ ಆದ್ರೆ ಹಾಕಿ, ಇಲ್ದಿದ್ರೆ ಸುಮ್ನೆ ಹೇಳ್ಬಿಡಿ."

ಬಿಚ್ಚಿದೆ. ಮರದ ಹಲಗೆ ಕೊರೆದು ಮಸಿ ಬಳಿದು ಒತ್ತಿದ ಅಚ್ಚುಚಿತ್ರಗಳು. ಅರ್ಧ ಎಳೆದ ಅಂಗಡಿಯ ಷಟರು, ಅದರ ಕೆಳಗೆ ಒಂದು ಜೊತೆ ಚಪ್ಪಲಿ. ಬಸ್ಸಿನ ಕಿಟಕಿಗೆ ಒರಗಿ ನಿದ್ದೆ ಹೋದ ಹೆಂಗಸಿನ ಕತ್ತು. ಟೆರೇಸಿನ ತಂತಿಯ ಮೇಲೆ ಗಾಳಿಗೆ ಉಬ್ಬಿದ ಅಂಗಿ, ಒಳಗೆ ಯಾರೋ ಇದ್ದಾರೇನೋ ಎನ್ನುವ ಹಾಗೆ. ನನಗೆ ನಿಜವಾಗಿ ಖುಷಿಯಾಯಿತು, ಮೈ ಜುಮ್ಮೆಂದಿತು. ಇಂಥದ್ದು ಸಿಗಲೆಂದೇ ಅಲ್ಲವೇ ನಾನು ಈ ಗ್ಯಾಲರಿಯ ಬಾಡಿಗೆ ಕಟ್ಟುತ್ತಾ ಕೂತಿರುವುದು?

ಆದರೆ ಆ ಖುಷಿಗೆ ಆಯುಸ್ಸು ಕಡಿಮೆ. ಕತ್ತಿನ ಕೆಳಗಿನ ನೆರಳಿನ ಗೆರೆಗಳು ಎಡಕ್ಕೆ ವಾಲಿದ್ದವು. ಅಂಗಿಯಲ್ಲೂ, ಷಟರಿನಲ್ಲೂ ಹಾಗೆಯೇ. ನೆರಳು ತುಂಬಲು ಸರಸರನೆ ಗೆರೆ ಎಳೆಯುವಾಗ ಬಲಗೈಯವರ ಗೆರೆ ಬಲಕ್ಕೆ ವಾಲುತ್ತದೆ, ಎಡಗೈಯವರದು ಎಡಕ್ಕೆ. ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ತಮ್ಮ ಎಡಚ, ಅವನು ಮನೆಯ ಗೋಡೆ ತುಂಬ ಗೀಚಿದ್ದನ್ನು ಒರೆಸುತ್ತಲೇ ನಾನು ಬೆಳೆದವಳು.

ತಮ್ಮ ಈಗ ಹೆಸರು ಮಾಡಿದ ಅಚ್ಚುಚಿತ್ರಗಾರ. ಅವನಿಗೆ ಹೆಸರು ತಂದ 'ಏಣಿ' ಚಿತ್ರ ನನ್ನ ಮೇಜಿನ ಹಿಂದೆಯೇ ತೂಗುತ್ತದೆ. ಅದರ ಕೆಳಗೆ ನಾನೇ ಬರೆದ ಸಾಲಿದೆ: 'ಎಡಗೈಯವನಿಗಷ್ಟೇ ಒಲಿಯುವ ಗೆರೆ.' ಪತ್ರಿಕೆಯವರೆಲ್ಲ ಅದನ್ನೇ ಎತ್ತಿ ಬರೆದರು. ಅಲ್ಲೂ ಗೆರೆಗಳು ಎಡಕ್ಕೇ ವಾಲಿವೆ.

ಕತೆ ಅರ್ಥವಾಯಿತು ಎಂದುಕೊಂಡೆ. ಹೊಸಬರ ಪ್ರದರ್ಶನಕ್ಕೆ ಹೆಸರಾದವರನ್ನು ಸೇರಿಸುವುದಿಲ್ಲ ಎಂಬುದು ನನ್ನದೇ ಕಟ್ಟಳೆ. ಹೋದ ಸಲ ತಮ್ಮ ಅದಕ್ಕೆ ಮೂಗು ಮುರಿದಿದ್ದ. ಈ ಸಲ ಹೆಂಡತಿಯ ಸೆರಗಿನ ಹಿಂದೆ ನಿಂತು ಬರುತ್ತಿದ್ದಾನೆ. ಚಿತ್ರಗಳನ್ನು ಗೋಡೆಗೆ ಹಾಕಿ ಆಮೇಲೆ ಬಯಲಾದರೆ ನನ್ನ ಗ್ಯಾಲರಿಯ ಮಾತಿಗೆ ಮೂರು ಕಾಸಿನ ಬೆಲೆಯೂ ಉಳಿಯುವುದಿಲ್ಲ. ಹಾಕದೆ ಬಿಟ್ಟು, ಅವು ನಿಜವಾಗಿ ಅವಳದೇ ಆಗಿದ್ದರೆ? ಆ ಯೋಚನೆಯನ್ನು ಹೆಚ್ಚು ಹೊತ್ತು ಕೂರಿಸಿಕೊಳ್ಳಲಿಲ್ಲ.

"ಕೆಳಗೆ ಸಹಿ ಹಾಕು," ಎಂದು ಪೆನ್ಸಿಲ್ ಚಾಚಿದೆ. ಬಲಗೈಯಲ್ಲಿ ತೆಗೆದುಕೊಂಡಳು. ಗೊತ್ತಿದ್ದದ್ದೇ, ಆದರೂ ಕಣ್ಣಾರೆ ನೋಡಿದರೆ ಸಮಾಧಾನ. ಉಗುರು ನೋಡಿದೆ: ಸಂದಿಯಲ್ಲಿ ಮಸಿ ಇತ್ತು. ಗಂಡನ ಕೋಣೆ ಒರೆಸಿದರೂ ಮಸಿ ಹತ್ತುತ್ತದೆ.

ತಮ್ಮನಿಗೆ ಫೋನ್ ಮಾಡಿದೆ.

"ಇದು ಯಾರ ಕೆಲಸವೋ?"

"ಅವಳದೇ ಅಕ್ಕ." ಸ್ವಲ್ಪ ತಡೆದು, "ನೀನು ಚೆನ್ನಾಗಿ ನೋಡು," ಎಂದ. ಆ ತಡೆದದ್ದೇ ನನಗೆ ಸಾಕ್ಷಿಯಾಯಿತು.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ನಾದಿನಿ ಮೊಳೆ, ದಾರ ಹಿಡಿದು ಬಂದಳು. ಅವಳಿಗೆಂದು ಗೊತ್ತು ಮಾಡಿದ್ದ ಗೋಡೆ ಖಾಲಿಯಿತ್ತು. ಸುರುಳಿ ನನ್ನ ಕೈಯಲ್ಲೇ ಇತ್ತು.

"ತಗೊಂಡು ಹೋಗು. ಇದು ನಿನ್ನ ಕೈ ಅಲ್ಲ, ಅವನ ಕೈ. ನನ್ನ ತಮ್ಮನ ಗೆರೆ ನನಗೆ ಗೊತ್ತಾಗಲ್ವೇನೇ?"

ಅಳುತ್ತಾಳೆ, ಇಲ್ಲವೇ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಮೊಳೆ, ದಾರ ಮೇಜಿನ ಮೇಲಿಟ್ಟು ಹೊರಗೆ ಹೋದಳು. ಗೆದ್ದೆ ಎನಿಸಿತು, ಬಾಯಿ ಮಾತ್ರ ಕಹಿಯಾಗಿತ್ತು. ಸ್ವಲ್ಪ ಹೊತ್ತಿಗೆ ಟವೆಲಿನಲ್ಲಿ ಸುತ್ತಿದ ಹಲಗೆಯೊಂದನ್ನು ತಂದು ಮೇಜಿನ ಮೇಲಿಟ್ಟು ಬಿಚ್ಚಿದಳು. ನಿದ್ದೆ ಹೋದ ಹೆಂಗಸಿನ ಹಲಗೆ.

ಕತ್ತು ಆಚೆ ಕಡೆಗಿತ್ತು, ಕಿಟಕಿ ಈಚೆ ಕಡೆಗೆ. ನೆರಳಿನ ಗೆರೆಗಳು ಬಲಕ್ಕೆ ವಾಲಿದ್ದವು.

ಮುಖ ಇಂಗು ತಿಂದ ಮಂಗನಂತಾಯಿತು. ಹಲಗೆಯಲ್ಲಿ ಕೊರೆದದ್ದು ಕಾಗದದ ಮೇಲೆ ತಿರುವುಮುರುವಾಗಿ ಬೀಳುತ್ತದೆ! ಅಚ್ಚಿನ ಅಂಗಡಿಯ ಬೆಕ್ಕಿಗೂ ಗೊತ್ತಿರುವ ಸಂಗತಿ. ನಾನು ಜೀವಮಾನವಿಡೀ ಕಾಗದ ನೋಡಿದವಳು, ಹಲಗೆ ನೋಡಿದವಳಲ್ಲ. ಅಕ್ಷರ ತಿರುಗುತ್ತದೆಂದು ತಿಳಿದಿದ್ದ ನನಗೆ ನೆರಳಿನ ಗೆರೆಯೂ ತಿರುಗುತ್ತದೆಂಬುದು ಹೊಳೆದೇ ಇರಲಿಲ್ಲ. ಅವಳ ಬಲಗೈ ಬಲಕ್ಕೆ ಕೊರೆದಿತ್ತು, ಕಾಗದದಲ್ಲಿ ಎಡಕ್ಕೆ ವಾಲಿತ್ತು. ಅಷ್ಟೇ.

"ತಪ್ಪಾಯ್ತು ಕಣೇ..." ಎಂದು ಶುರು ಮಾಡಿದವಳು ಅಲ್ಲೇ ನಿಂತೆ.

ಕೊರೆದದ್ದು ತಿರುಗುವುದಾದರೆ, ಎಡಗೈಯವನು ಕೊರೆದದ್ದು ಕಾಗದದಲ್ಲಿ ಬಲಕ್ಕೆ ವಾಲಬೇಕು. ನಿಧಾನವಾಗಿ ಹಿಂದೆ ತಿರುಗಿ 'ಏಣಿ'ಯನ್ನು ನೋಡಿದೆ. ನನ್ನ ಮೆಚ್ಚಿನ ಎಡಗೈ ಗೆರೆಗಳು, ಒಂದೂ ಬಿಡದೆ, ಎಡಕ್ಕೆ ವಾಲಿದ್ದವು.

ಕೆಲಸ ಮಾಡುವಾಗ ತಮ್ಮ ಯಾರನ್ನೂ ಕೋಣೆಗೆ ಬಿಡುವುದಿಲ್ಲ. ಕಲಾವಿದನ ಏಕಾಂತ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ.

"ಇದೂ ನೀನೇನಾ?"

"ಚಿತ್ರ ಬರೆಯೋದು ಅವರೇ. ಕೊರೆಯೋಕೆ ಅವರಿಗೆ ತಾಳ್ಮೆ ಇಲ್ಲ, ಮೊದಲಿಂದ್ಲೂ ನೆರಳಿನ ಗೆರೆ ಹಾಕಿ ಕೊರೆದಿದ್ದು ನಾನೇ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡಿದ್ರಾ ಇಬ್ರೂ?"

"'ಏಣಿ' ಹಾಕಿದ ದಿನಾನೇ ಹೇಳೋಣ ಅಂತ ಬಂದ್ವಿ ಅತ್ತಿಗೆ. ಅಷ್ಟರಲ್ಲಿ ನೀವು ಗೋಡೆ ಮೇಲೆ ಬರೆದು ಹಾಕಿದ್ರಿ, ಎಡಗೈಯವನಿಗಷ್ಟೇ ಒಲಿಯುವ ಗೆರೆ ಅಂತ. ಅದನ್ನ ಓದಿ ಜನ ಚಪ್ಪಾಳೆ ತಟ್ತಾ ಇದ್ರು. ಅವರಿಗೆ ಬಾಯೇ ಬರಲಿಲ್ಲ. ಆಮೇಲೆ ಹೇಳೋ ದಾರಿನೂ ಉಳೀಲಿಲ್ಲ." ಹಲಗೆಯ ಮೇಲಿನ ಧೂಳನ್ನು ಟವೆಲಿನಿಂದ ಒರೆಸಿದಳು. "ಈ ಸಲ ಅವರೇ ನನ್ನ ಕಳಿಸಿದ್ದು. ಪೊಲೀಸಕ್ಕನ ಕಣ್ಣಿಗೆ ಬಿದ್ರೆ ಸಾಕು, ಎರಡೂ ಒಂದೇ ಕೈ ಅಂತ ತಾನೇ ಹಿಡೀತಾಳೆ ಅಂದ್ರು. ನೀವು ಹಿಡಿದ್ರಿ, ಆದ್ರೆ ನನ್ನ ಹಿಡಿದ್ರಿ."

ಕುರ್ಚಿ ಹತ್ತಿ, 'ಏಣಿ'ಯ ಕೆಳಗಿನ ಆ ಸಾಲನ್ನು ಕಿತ್ತು ಹಾಕಿದೆ. ಹೊಸ ಕಾರ್ಡು ತೆಗೆದು ಪೆನ್ಸಿಲ್ ಕೈಗೆತ್ತಿಕೊಂಡೆ.

"ಎಡಗೈಯವನು ಬರೆದದ್ದು, ಬಲಗೈಯವಳು ಕೊರೆದದ್ದು ಅಂತ ಹಾಕಲಾ?"

"ಬೇಡ ಅತ್ತಿಗೆ. ನೀವು ಇನ್ನೊಂದು ಸಾಲು ಬರೀಬೇಡಿ."

ಪೆನ್ಸಿಲನ್ನು ನನ್ನ ಕೈಯಿಂದ ತೆಗೆದುಕೊಂಡು ಅವಳೇ ಬರೆದಳು. ಬರೀ ಎರಡು ಹೆಸರು, ತನ್ನದು ಮೊದಲು. ನಾನು ಮೊಳೆ, ದಾರ ಎತ್ತಿಕೊಂಡು ಖಾಲಿ ಗೋಡೆಯ ಕಡೆಗೆ ನಡೆದೆ.