ಬಿಳಿ ಕೋಟು, ಕರಿ ಚೈನು

ಒಂದಾನೊಂದು ಊರಿನಲ್ಲಿ ಒಂದು ಕುದುರೆಯಿತ್ತು. ಅದು ಹುಲ್ಲು ಮೇಯುತ್ತಿರಲಿಲ್ಲ, ಪೆಟ್ರೋಲು ಕುಡಿಯುತ್ತಿತ್ತು. ಹಗಲೆಲ್ಲ ದುಡಿದು, ಸಂಜೆಯಾದರೆ ಮನೆಯೊಳಗೇ ಬಂದು ಯಜಮಾನಿಯ ಹೊಲಿಗೆ ಯಂತ್ರದ ಪಕ್ಕದಲ್ಲಿ ನಿಲ್ಲುತ್ತಿತ್ತು. ಹೌದು, ಅದೊಂದು ಮೋಟಾರ್ ಸೈಕಲ್ಲು. ಆದರೂ ಆ ಮನೆಯವರಿಗೆ ಅದು ಕುದುರೆಯೇ, ಮನೆಯ ಸಂಪಾದನೆಯೆಲ್ಲ ಸಾಗುತ್ತಿದ್ದದ್ದು ಅದರ ಬೆನ್ನ ಮೇಲೆ.

ಯಜಮಾನಿಗೆ ಬೀದಿಯವರು ಇಟ್ಟ ಹೆಸರು ಸೂಜಕ್ಕ. ಗುಡ್ಡದ ಮೇಲಿನ ಆಸ್ಪತ್ರೆಯ ನರ್ಸುಗಳಿಗೆ ಬಿಳಿ ಕೋಟು ಹೊಲಿಯುವುದು ಅವಳ ಕೆಲಸ. ಹೊಲಿದದ್ದನ್ನು ಗಂಟು ಕಟ್ಟಿ, ಬೈಕಿನ ಪಕ್ಕಕ್ಕೆ ಬಿಗಿದು, ತಾನೇ ಓಡಿಸಿಕೊಂಡು ಹೋಗಿ ಕೊಟ್ಟು ಬರುವಳು. ಗಂಡ ಹಿಟ್ಟಿನ ಗಿರಣಿಯಲ್ಲಿ ಮೂಟೆ ತೂಗುವವನು. ಮೂರನೆಯವರು ಅತ್ತೆ. ಅವರ ಮೊಣಕಾಲು ಸೋತಿತ್ತು, ನಾಲಿಗೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಆ ಮನೆಗೆ ಇದ್ದದ್ದು ಒಂದೇ ಕಾಟ, ಬೈಕಿನ ಸರ್ವೀಸು. ಗಂಡ ಬಿಲ್ಲು ಹಿಡಿದು ಬಂದ ದಿನ ಸೂಜಕ್ಕ ಅದನ್ನು ಹೊಲಿಗೆಯ ಲೆಕ್ಕಕ್ಕೆ ತಿರುಗಿಸಿ ನೋಡುವಳು.

"ಆರು ಕೋಟು ಹೊಲಿದ ಕೂಲಿ ರೀ ಇದು! ಕಾಲರು, ಕಾಜಾ, ಗುಂಡಿ ಎಲ್ಲಾ ಸೇರಿ ಆರು ಕೋಟು! ಅಂಥಾದ್ದೇನು ಮಾಡಿದ್ರು?"

"ಎಣ್ಣೆ ಬದಲಾಯಿಸಿದ್ರು. ಚೈನು ನೋಡಿದ್ರು. ಆಮೇಲೆ ತೊಳೆದ್ರು."

"ತೊಳೆದಿದ್ದಕ್ಕೂ ಬಿಲ್ಲಾ?" ಅತ್ತೆ ಕೂತಲ್ಲಿಂದಲೇ ಕೇಳಿದರು. "ನಾನು ಇವನನ್ನ ಹುಟ್ಟಿದಾಗಿಂದ ತೊಳೆದು ದೊಡ್ಡವನ್ನ ಮಾಡಿದೆ. ನನಗೆ ಯಾರು ಬಿಲ್ಲು ಬರ್ಕೊಟ್ರು?"

ಹೀಗೆ ಗೊಣಗಿ ಗೊಣಗಿ, ಮುಂದಿನ ಸರ್ವೀಸನ್ನು ಅವರು ಕೈಬಿಟ್ಟೇಬಿಟ್ಟರು. ಕೆಲವು ವಾರ ಕಳೆಯುವುದರೊಳಗೆ ಚೈನು ಕಿರ್ರೋ ಎನ್ನತೊಡಗಿತು. ಸೂಜಕ್ಕ ಹೆದರಲಿಲ್ಲ. ಮದುವೆಯಾದಾಗಿನಿಂದ ಇವತ್ತಿನವರೆಗೆ ತನ್ನ ಹೊಲಿಗೆ ಯಂತ್ರಕ್ಕೆ ಬೇರೆಯವರ ಕೈ ತಾಗಿಸಿದವಳಲ್ಲ ಅವಳು. ಸದ್ದು ಬಂದರೆ ಎರಡು ಹನಿ ಎಣ್ಣೆ, ಅಷ್ಟೇ. ಅದೇ ಡಬ್ಬಿ ತಂದಳು, ಅದೇ ತೆಳು ಎಣ್ಣೆಯನ್ನು ಚೈನಿನ ಉದ್ದಕ್ಕೂ ಸುರಿದಳು, ಕೋಟಿನ ಗಂಟು ಬಿಗಿದಳು, ಹೊರಟಳು.

ಚೈನೇನೋ ಸುಮ್ಮನಾಯಿತು. ಆದರೆ ಚಕ್ರ ತಿರುಗಿದಷ್ಟೂ ಎಣ್ಣೆ ಸಿಡಿಯಿತು. ಆಸ್ಪತ್ರೆಯಲ್ಲಿ ಗಂಟು ಬಿಚ್ಚಿದರೆ ಬಿಳಿ ಕೋಟುಗಳ ಮೇಲೆಲ್ಲ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕಿ!

ದೊಡ್ಡ ನರ್ಸಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಇದು ಮಕ್ಕಳ ವಾರ್ಡಿಗಮ್ಮ, ಗ್ಯಾರೇಜಿಗಲ್ಲ" ಎಂದಷ್ಟೇ ಹೇಳಿ ಗಂಟನ್ನು ವಾಪಸು ಕೊಟ್ಟರು. "ಸೋಮವಾರ ಹೊಸ ನರ್ಸುಗಳು ಬರ್ತಾರೆ. ಬೆಳಗಿನ ಗಂಟೆ ಹೊಡೆಯೋ ಮೊದಲು ಎಲ್ಲಾ ಕೋಟು ಇಲ್ಲಿರಬೇಕು. ಆಗೋದಿಲ್ಲ ಅಂದ್ರೆ ಈಗಲೇ ಹೇಳು, ದೊಡ್ಡ ಅಂಗಡಿಯವರು ಕಾಯ್ತಾ ಇದ್ದಾರೆ."

"ತಂದುಕೊಡ್ತೀನಿ" ಎಂದು ಸೂಜಕ್ಕ ಮಾತು ಕೊಟ್ಟಳು.

ಹಗಲೂ ಸಂಜೆಯೂ ಕೂತು ಹೊಸದಾಗಿ ಹೊಲಿದಳು. ಶನಿವಾರದ ಹೊತ್ತಿಗೆ ಕೋಟುಗಳು ಸಿದ್ಧವಾದವು, ಬೈಕು ಮಾತ್ರ ಮೊಂಡು ಹಿಡಿಯಿತು. ಏರು ಬಂದರೆ ಸಾಕು, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಬೆಳಿಗ್ಗೆ ಸರ್ವೀಸಿನ ಅಂಗಡಿಗೆ ಹೋಗಿ ಬಂದ ಗಂಡ ಮುಖ ಇಳಿಬಿಟ್ಟು ಹೇಳಿದ: "ಸಾಲು ದೊಡ್ಡದಿದೆಯಂತೆ. ಪೂರ್ತಿ ಸರ್ವೀಸು ಅಂದ್ರೆ ಗುರುವಾರಕ್ಕೆ."

"ಹಾಗಾದ್ರೆ ನಾನೇ ಮಾಡ್ತೀನಿ."

"ಮಾಡಿದ್ಯಲ್ಲ ಒಂದು ಸಲ! ಒಂದು ಗಂಟು ಕೋಟಿಗೆ ಚುಕ್ಕಿ ಹಾಕಿದ್ದು ಸಾಲದೇನು? ಅದು ಗಾಡಿ ಕಣೇ, ಹೊಲಿಗೆ ಮಷಿನ್ನಲ್ಲ. ಒಂದು ಬೋಲ್ಟು ಬಿಚ್ಚಿದ್ರೆ ಹತ್ತು ಉದುರುತ್ತೆ."

ಸೂಜಕ್ಕನ ಕಣ್ಣು ತುಂಬಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಹಾರನ್ ಸದ್ದು ಕೇಳಿತು. ಬಂದದ್ದು ಅಂಚೆಯವಳು. ಬೈಕಿನ ಮೇಲೆ ಊರೂರು ಸುತ್ತಿ ಕಾಗದ ಹಂಚುವವಳು, ಸೂಜಕ್ಕನ ಹಳೇ ಗೆಳತಿ. ಹರಿದ ಚೀಲ ಹೊಲಿಸಿಕೊಳ್ಳಲು ಬಂದಿದ್ದಳು. ನಡೆದದ್ದನ್ನೆಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕಳು.

"ಅಯ್ಯೋ ಸೂಜಿ, ಹೊಲಿಗೆ ಎಣ್ಣೆ ನೀರಿನ ಹಾಗೆ ಕಣೇ! ಚೈನಿಗೆ ಗಟ್ಟಿ ಗೇರ್ ಎಣ್ಣೆ ಬೇಕು, ಇಲ್ಲಾ ಚೈನಿಗೆ ಅಂತಲೇ ಮಾರೋ ಸ್ಪ್ರೇ. ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಹೆಚ್ಚಾದದ್ದನ್ನ ಒರೆಸಿ ತೆಗೀಬೇಕು. ಒರೆಸದೆ ಹೊರಟ್ರೆ ಯಾವ ಎಣ್ಣೆಯಾದ್ರೂ ಸಿಡಿಯುತ್ತೆ."

"ನಿನ್ನ ಗಾಡಿ ಯಾರು ನೋಡ್ಕೋತಾರೆ?" ಗಂಡ ಕೇಳಿದ.

"ಯಾರು ಓಡಿಸ್ತಾರೋ ಅವರೇ ನೋಡ್ಕೋತಾರೆ ಭಾವ. ಹೊಸ ಗಾಡಿ ಇದ್ದಾಗ ಕಂಪನಿಯ ಫ್ರೀ ಸರ್ವೀಸು ಒಂದೂ ಬಿಡಲಿಲ್ಲ. ಬಿಟ್ರೆ ವಾರಂಟಿ ಹೋಗುತ್ತೆ. ಅದು ಮುಗಿದ ಮೇಲೆ ಎಣ್ಣೆ, ಚೈನು, ಫಿಲ್ಟರು, ಚಕ್ರದ ಗಾಳಿ, ಇಷ್ಟು ನನ್ನದು. ಬ್ರೇಕು, ಇಂಜಿನಿನ ಒಳಗಿನದ್ದು ಮೆಕ್ಯಾನಿಕ್‌ದು. ನಡೀರಿ, ಎಣ್ಣೆ, ವಾಷರು, ಗಾಳಿಯ ಫಿಲ್ಟರು ತರೋಣ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಎಣ್ಣೆ, ಎಷ್ಟು ಅಂತ ಇರುತ್ತೆ. ಅಂದಾಜಿನ ಮೇಲೆ ಹಾಕಬಾರದು."

ಮಧ್ಯಾಹ್ನ ಅಂಗಳದಲ್ಲಿ ಕೆಲಸ ಶುರುವಾಯಿತು. ಬೈಕನ್ನು ಸಮತಟ್ಟು ನೆಲದಲ್ಲಿ ನಡು ಸ್ಟ್ಯಾಂಡಿಗೆ ಹಾಕಿದರು. ಸೂಜಕ್ಕ ತೋಳು ಮಡಚಿ, ಕೂದಲು ಬಿಗಿದು ಕಟ್ಟಿದಳು. ಗಂಡ ಕೈಕಟ್ಟಿಕೊಂಡು ಹೊಸ್ತಿಲ ಮೇಲೆ ಕೂತ. ಅತ್ತೆ ಕುರ್ಚಿ ಹಾಕಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತರು.

ಇಂಜಿನನ್ನು ತುಸು ಬೆಚ್ಚಗೆ ಮಾಡಿ ಆರಿಸಿದ ಮೇಲೆ ಕೆಳಗಿನ ಬೋಲ್ಟು ಬಿಚ್ಚಿದಳು. ಹಳೆಯ ಎಣ್ಣೆ ತಟ್ಟೆಗೆ ಇಳಿಯಿತು, ಕಾಡಿಗೆಯಂತೆ.

"ಇದನ್ನ ಚರಂಡಿಗೆ ಚೆಲ್ಲಲಾ?" ಸೂಜಕ್ಕ ಕೇಳಿದಳು.

"ಕೈ ಮುರೀತೀನಿ!" ಅಂಚೆಯವಳು ಗದರಿದಳು. " ಆ ನೀರು ಎಲ್ಲರ ಬಾವಿಗೂ ಹೋಗುತ್ತೆ. ಡಬ್ಬಿಗೆ ತುಂಬಿಸು, ಗ್ಯಾರೇಜಿನವರು ತಗೋತಾರೆ."

ಬೋಲ್ಟನ್ನು ಹೊಸ ವಾಷರಿನ ಜೊತೆ ಬಿಗಿದು, ಅಳತೆಯ ಪ್ರಕಾರ ಹೊಸ ಎಣ್ಣೆ ಸುರಿದಳು. ಜೇನಿನ ಬಣ್ಣ. ಎಣ್ಣೆ ಅಳೆಯುವ ಕಡ್ಡಿ ಅದ್ದಿ ನೋಡಿದರೆ ಎರಡು ಗೀಟುಗಳ ನಡುವೆ ಸರಿಯಾಗಿ ನಿಂತಿತ್ತು. ಆಮೇಲೆ ಚೈನು. ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದಿ ಉಜ್ಜತೊಡಗಿದಳು. ಬೇಗ ಆಗಲೆಂದು ಗಂಡ ಕೂತಲ್ಲಿಂದಲೇ, "ಸ್ಟಾರ್ಟ್ ಮಾಡಿ ಗೇರಿಗೆ ಹಾಕ್ಲಾ? ತಾನಾಗೇ ತಿರುಗುತ್ತೆ" ಎಂದ.

"ಬೇಡ ಭಾವ, ಖಂಡಿತ ಬೇಡ!" ಅಂಚೆಯವಳು ಬೀಗದ ಕೈಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡಳು. "ಓಡೋ ಚೈನಿಗೆ ಬಟ್ಟೆ ಸಿಕ್ಕಿದ್ರೆ ಬೆರಳೂ ಹೋಗುತ್ತೆ. ಚಕ್ರಾನ ಕೈಯಲ್ಲೇ ತಿರುಗಿಸಬೇಕು."

ಉಜ್ಜಿ, ಒಣಗಿಸಿ, ಗಟ್ಟಿ ಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೆಚ್ಚಾದದ್ದನ್ನು ಒರೆಸಿದ್ದಾಯಿತು. ಚೈನಿನ ಸಡಿಲ ನೋಡುವುದನ್ನು ಅಂಚೆಯವಳು ಹೇಳಿಕೊಡುವ ಮೊದಲೇ ಸೂಜಕ್ಕನ ಹೆಬ್ಬೆರಳು ಚೈನಿನ ನಡುವಿಗೆ ಹೋಗಿತ್ತು.

"ಇದು ನನ್ನ ಮಷಿನ್ನಿನ ಬೆಲ್ಟಿದ್ದ ಹಾಗೇ ಅಲ್ವೇನೇ? ಒತ್ತಿದ್ರೆ ಸ್ವಲ್ಪ ಆಡಬೇಕು. ಹೆಚ್ಚಾದ್ರೆ ಜಾರುತ್ತೆ, ಬಿಗಿಯಾದ್ರೆ ಸವೆಯುತ್ತೆ."

ಅಂಚೆಯವಳು ಗೆಳತಿಯ ಮುಖವನ್ನೇ ನೋಡಿದಳು. "ಇದನ್ನ ಕಲಿಯೋಕೆ ನನಗೆ ಒಂದು ಮಳೆಗಾಲ ಹಿಡೀತು ಮಾರಾಯ್ತಿ. ಪುಸ್ತಕದಲ್ಲಿ ಹೇಳಿದಷ್ಟೇ ಆಡ್ತಾ ಇದೆ, ಅಳೆದು ನೋಡು ಬೇಕಾದ್ರೆ."

ಇನ್ನು ಉಳಿದದ್ದು ಗಾಳಿಯ ಫಿಲ್ಟರು. ಪಕ್ಕದ ಮುಚ್ಚಳ ತೆಗೆದು ಅದನ್ನು ಸೂಜಕ್ಕ ಹೊರಗೆಳೆದಳು. ಅದರ ತುಂಬ ಹತ್ತಿಯ ನಾರು! ಬಿಳಿ ನಾರು, ನೀಲಿ ನಾರು, ನಡುನಡುವೆ ಒಂದಿಷ್ಟು ಕೆಂಪು. ಹೊಲಿಗೆ ಯಂತ್ರದ ಪಕ್ಕದಲ್ಲೇ ಬೈಕು ನಿಲ್ಲಿಸಿ, ಅಲ್ಲೇ ಸ್ಟಾರ್ಟು ಮಾಡಿ ಹೊರಡುವಾಗೆಲ್ಲ ಅದು ಕೋಣೆಯ ಗಾಳಿಯ ಜೊತೆ ನಾರನ್ನೂ ಎಳೆದುಕೊಂಡಿತ್ತು. ಸೂಜಕ್ಕ ಹೊಲಿದ ಬಟ್ಟೆಗಳ ಚರಿತ್ರೆಯೆಲ್ಲ ಅದರ ಮೂಗಿನಲ್ಲಿತ್ತು.

"ಅದಕ್ಕೇ ಏರಿನಲ್ಲಿ ಕೆಮ್ತಾ ಇದ್ದದ್ದು" ಎಂದ ಗಂಡ. ಅವನು ಯಾವಾಗ ಹೊಸ್ತಿಲು ಬಿಟ್ಟು ಎದ್ದು ಬಂದನೋ ಅವನಿಗೇ ತಿಳಿಯದು. "ಪೆಟ್ರೋಲೂ ಅದಕ್ಕೇ ಕುಡೀತಾ ಇತ್ತು! ಪಾಪ, ಉಸಿರು ಕಟ್ಟಿಕೊಂಡೇ ನಮ್ಮನ್ನ ಹೊತ್ತಿದೆಯಲ್ಲೇ."

"ಇದು ಕಾಗದದ್ದು, ತೊಳೆಯೋಕಾಗಲ್ಲ. ಹೊಸದೇ ಹಾಕಬೇಕು" ಎಂದಳು ಅಂಚೆಯವಳು. "ಇನ್ಮೇಲೆ ಗಾಡಿಯನ್ನ ಹೊರಗೆ ತಳ್ಳಿ ಸ್ಟಾರ್ಟ್ ಮಾಡಿ. ನಿಮ್ಮ ಎದೆಗೂ ಒಳ್ಳೇದು, ಹೊಗೆ ಒಳಗೆ ತುಂಬಲ್ಲ."

ಹೊಸ ಫಿಲ್ಟರನ್ನು ಕೂರಿಸಿದವನು ಗಂಡನೇ. ಬೋಲ್ಟು ಒಂದೂ ಉದುರಲಿಲ್ಲ.

ಸೂಜಕ್ಕನಿಗೆ ಈಗ ಹುಮ್ಮಸ್ಸು. ಸ್ಪ್ಯಾನರು ಹಿಡಿದು ಬ್ರೇಕಿನ ಹತ್ತಿರ ಕೂತಳು. ಅಂಚೆಯವಳು ಆ ಕೈ ಹಿಡಿದಳು.

"ನೋಡೋದು ಮಾತ್ರ ನಿನ್ನ ಕೆಲಸ. ಪ್ಯಾಡು ತೆಳ್ಳಗಾಗಿದೆ, ಕಾಣಿಸ್ತಾ? ಇದನ್ನ ಕಲಿತವರೇ ಹಾಕಬೇಕು. ಗುಂಡಿ ತಪ್ಪಿದ್ರೆ ಬಿಚ್ಚಿ ಹೊಲೀತೀಯ. ಬ್ರೇಕು ತಪ್ಪಿದ್ರೆ?"

ಸೂಜಕ್ಕ ಸ್ಪ್ಯಾನರು ಕೆಳಗಿಟ್ಟಳು.

ಗಂಡ ಹೆಂಡತಿ ಇಬ್ಬರೂ ಬೈಕನ್ನು ನಿಧಾನವಾಗಿ ತಳ್ಳಿಕೊಂಡೇ ಸರ್ವೀಸಿನ ಅಂಗಡಿಗೆ ಹೋದರು. "ಬ್ರೇಕು ಒಂದೇನಾ? ಹಾಗಿದ್ರೆ ಈಗಲೇ ಆಗುತ್ತೆ, ಕೂತ್ಕೊಳ್ಳಿ" ಎಂದ ಮೆಕ್ಯಾನಿಕ್ಕು ಪ್ಯಾಡು ಹಾಕಿಕೊಟ್ಟ. ಎದ್ದೇಳುವಾಗ ಚೈನಿನ ಮೇಲೆ ಬೆರಳಾಡಿಸಿ, "ಯಾವ ಅಂಗಡೀಲಿ ಮಾಡಿಸಿದ್ರಿ? ಚೊಕ್ಕ ಕೆಲಸ" ಎಂದು ಕೇಳಿದ.

ಗಂಡ ಮೂಟೆ ಎತ್ತಿ ಗೆದ್ದವನ ಹಾಗೆ ಎದೆ ಮುಂದೆ ಮಾಡಿ ನಿಂತ. "ಅಂಗಡೀಲಲ್ಲ, ನಮ್ಮನೇಲಿ. ಇವಳೇ ಮಾಡಿದ್ದು. ಫಿಲ್ಟರು ಮಾತ್ರ ನಂದು."

ಎಣ್ಣೆ, ವಾಷರು, ಫಿಲ್ಟರು, ಬ್ರೇಕಿನ ಪ್ಯಾಡು, ಅದನ್ನು ಹಾಕಿದ ಕೂಲಿ, ಎಲ್ಲ ಸೇರಿ ಮೂರು ಕೋಟುಗಳ ಹೊಲಿಗೆಯಷ್ಟಾಯಿತು. ಪ್ಯಾಡು ಹಾಕಬೇಕಿಲ್ಲದ ಸಲ ಎರಡರೊಳಗೇ ಮುಗಿಯುತ್ತದೆ.

"ಉಳಿದ ಮೂರು ಕೋಟಿನ ದುಡ್ಡು ಯಾರಿಗೆ?" ಅತ್ತೆ ಕೇಳಿದರು.

"ನಿಮ್ಮ ಮೊಣಕಾಲಿಗೆ ಅತ್ತೆ. ಅದಕ್ಕೂ ಒಂದು ಸರ್ವೀಸು ಮಾಡಿಸೋಣ."

"ಅದನ್ನ ಮಾತ್ರ ಮನೇಲಿ ಬಿಚ್ಚಬೇಡ ತಾಯಿ!"

ಸೋಮವಾರ ಬೆಳಿಗ್ಗೆ ಸೂಜಕ್ಕ ಬೈಕನ್ನು ಅಂಗಳಕ್ಕೆ ತಳ್ಳಿ, ಗಂಟು ಬಿಗಿದು, ಚಕ್ರದ ಗಾಳಿ ನೋಡಿ ಹೊರಟಳು. ಅವಳು ಗುಡ್ಡದ ಬುಡಕ್ಕೆ ಹೋಗಿ ಸೇರುವಷ್ಟರಲ್ಲಿ ನಿಮ್ಮೊಂದಿಗೆ ಎರಡು ಮಾತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಬೈಕು ನಿಮಗಾಗಿ ದುಡಿಯುತ್ತಿದೆ. ದುಬಾರಿಯೆಂದು ಅದರ ಸರ್ವೀಸನ್ನು ಬಿಟ್ಟುಬಿಡಬೇಡಿ, ಬಿಟ್ಟರೆ ಆಮೇಲೆ ತೆರುವುದೇ ಹೆಚ್ಚು. ಗೊತ್ತಿರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಮಧ್ಯಾಹ್ನ ಕಲಿಯಿರಿ. ಇಂಜಿನು ಆರಿಸಿ ಕೈ ಹಾಕಿ. ಪುಸ್ತಕ ಹೇಳಿದ ಎಣ್ಣೆಯನ್ನೇ ಹಾಕಿ, ಹಳೆಯದನ್ನು ಮಣ್ಣಿಗೂ ನೀರಿಗೂ ಚೆಲ್ಲಬೇಡಿ. ತಿಳಿಯದ ಕಡೆ, ಅದರಲ್ಲೂ ಬ್ರೇಕಿನ ವಿಷಯದಲ್ಲಿ, ಮೆಕ್ಯಾನಿಕ್ಕಿನ ಹತ್ತಿರ ಹೋಗಲು ನಾಚಬೇಡಿ. ನಿಮ್ಮ ಕೈಗೂ ಈ ಕೆಲಸ ಬರುತ್ತದೆ. ಈ ವಾರವೇ ಶುರು ಮಾಡಿ.

ಅಗೋ, ಏರು ಬಂತು. ಬೈಕು ಕೆಮ್ಮಲಿಲ್ಲ. ಒಂದೇ ಉಸಿರಿಗೆ ಮೇಲೆ ಹತ್ತಿತು. ದೊಡ್ಡ ನರ್ಸಮ್ಮ ಗಂಟು ಬಿಚ್ಚಿ, ಒಂದೊಂದೇ ಕೋಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಹುಡುಕಿದರೂ ಒಂದು ಚುಕ್ಕಿಯಿಲ್ಲ. ಕೊನೆಯ ಕೋಟನ್ನು ಅವರು ಮೊದಲು ಬಂದ ಹೊಸ ನರ್ಸಿನ ಹೆಗಲಿಗೆ ತಾವೇ ತೊಡಿಸಿದರು. ಹುಡುಗಿ ಮೇಲಿನ ಗುಂಡಿ ಹಾಕಿಕೊಳ್ಳುವುದಕ್ಕೂ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು.