ಒಂದೇ ಗೋಡೆ

ಟೈಲರ್ ಇಸಾಕಸಾಬ ಹೊಲಿಗೆ ಯಂತ್ರದ ಗಾಲಿಯನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದ. "ಆ ಮನಿ ಕಡೆ ಹೋಗಬ್ಯಾಡ್ರಿ ಅಕ್ಕಾರ," ಎಂದ.

ಮಂಗಳವ್ವ ಒಂಬತ್ತು ವರ್ಷದ ಮೇಲೆ ರಾಣೆಬೆನ್ನೂರಿಗೆ ಬಂದಿದ್ದಳು. ಸಂಬಂಧಿಕರ ಮದುವೆಯ ಮುಹೂರ್ತ ಹನ್ನೊಂದಕ್ಕಿತ್ತು. ಹುಬ್ಬಳ್ಳಿಯ ರೈಲು ಅವಳನ್ನು ಏಳಕ್ಕೇ ಇಳಿಸಿಬಿಟ್ಟಿತ್ತು. ಜನವರಿಯ ಮಂಜಿನಲ್ಲಿ ಬೀಜದ ಅಂಗಡಿಗಳ ಶಟರುಗಳು, ಮಿರ್ಚಿ ಗಾಡಿ, ಮೂಲೆಯ ಗಿರಣಿ ಎಲ್ಲ ಹಿಂದಿನ ಜಾಗದಲ್ಲೇ ಇದ್ದವು. ಕಾಲು ತಾನಾಗಿಯೇ ಅವಳಿದ್ದ ಹಳೆಯ ಚಾಳಿನ, ಆ ಸಾಲುಮನೆಗಳ ದಾರಿ ಹಿಡಿದು ಇಸಾಕಸಾಬನ ಬಾಗಿಲಿಗೆ ತಂದಿತ್ತು.

"ಯಾಕ ಹೋಗಬಾರದು?"

"ತಿರಕಪ್ಪ ಮತ್ತ ಲಗ್ನ ಆಗ್ಯಾನ್ರಿ. ಅಗಡಿ ಊರಿನ ಹುಡುಗಿ, ದೀಪಿಕಾ ಅಂತ." ಅವನು ದನಿ ತಗ್ಗಿಸಿದ. "ಮೊದಲಿನಂಗ ಮತ್ತ ಹೊಡಿಯೂ ಸಪ್ಪಳ ಕೇಳಾಕತ್ತೈತಿ."

ತಿರಕಪ್ಪನ ಮನೆಗೂ ಮಂಗಳವ್ವನ ಮನೆಗೂ ಆಗ ಒಂದೇ ಗೋಡೆ. ಅವನ ಮೊದಲ ಹೆಂಡತಿ ಶೈಲಶ್ರೀ ಸುಟ್ಟುಕೊಂಡು ಸತ್ತಾಗ ಪೊಲೀಸರು ಮಂಗಳವ್ವನನ್ನೂ ಕೇಳಿದ್ದರು. ತಿರಕಪ್ಪ ಎದುರಿಗೇ ನಿಂತಿದ್ದ. "ಸ್ಟೋ ಸಿಡೀತ್ರಿ. ನಾ ಬ್ಯಾರೆ ಏನೂ ಕೇಳಿಲ್ಲ," ಎಂದಿದ್ದಳು. ಮೂರು ತಿಂಗಳಲ್ಲಿ ಗಂಡನಿಗೆ ಗಂಟುಬಿದ್ದು ಊರು ಬಿಡಿಸಿದ್ದಳು.

ಅವಳು ಹೋಗಿ ತಿರಕಪ್ಪನ ಮನೆಯ ಬಾಗಿಲು ತಟ್ಟಿದಳು. ದೀಪಿಕಾಗೆ ಇಪ್ಪತ್ತೆರಡು ಇರಬಹುದು. ಸ್ವೆಟರಿನ ತೋಳನ್ನು ಬೆರಳು ಮುಚ್ಚುವಷ್ಟು ಎಳೆದುಕೊಂಡಿದ್ದಳು. ಬಾಜೂ ಮನೆಯಲ್ಲಿದ್ದವಳು ಎಂದು ಹೇಳಿದಾಗ ಒಳಗೆ ಕರೆದು, ಗ್ಯಾಸಿನ ಮೇಲೆ ಚಹಾ ಇಟ್ಟಳು.

ಬಚ್ಚಲ ಬಾಗಿಲ ಬಳಿ ಹಳದಿ ಕ್ಯಾನು ತುಂಬಿ ನಿಂತಿತ್ತು. ಪಕ್ಕದಲ್ಲಿ ಒಂದು ಹೊಸ ಸ್ಟೋವು. ಚಿಮಣಿ ಎಣ್ಣೆಯ ವಾಸನೆ ಮಂಗಳವ್ವನ ಗಂಟಲಿಗೆ ಹತ್ತಿತು.

"ಗ್ಯಾಸ್ ಐತೆಲ್ಲವಾ, ಇದ್ಯಾಕ?"

"ನಿನ್ನೆ ಅವರ ತಂದಿಟ್ಟಾರ್ರಿ. ಯಾಕಂತ ಕೇಳಿದ್ರ ಸಿಟ್ಟಾದ್ರು."

"ಶೈಲಶ್ರೀ ಹೆಂಗ ಸತ್ಲು ಅಂತ ಹೇಳ್ಯಾನ ನಿನಗ?"

"ಸ್ಟೋ ಸಿಡದು."

"ಸಿಡೀಲಿಲ್ಲವ್ವಾ." ಮಂಗಳವ್ವ ಗೋಡೆಯ ಕಡೆ ನೋಡಿದಳು. "ಹೊರಗಿಂದ ಚಿಲಕಾ ಹಾಕಿದ್ದು ಕೇಳಿಸ್ತು. ಆಕಿ ಒದರಿದ್ದೂ ಕೇಳಿಸ್ತು. ನಾ ಸುಳ್ಳ ಹೇಳ್ದೆ."

ದೀಪಿಕಾ ಅಳಲಿಲ್ಲ. ಕೈ ಚಾಚಿ ಗ್ಯಾಸ್ ಆರಿಸಿದಳು.

"ಓಹೋ, ಮಂಗಳಕ್ಕಾರ!" ಬಾಗಿಲಲ್ಲಿ ತಿರಕಪ್ಪ ಹಾಲಿನ ಪಾಕೀಟು ಹಿಡಿದು ನಿಂತಿದ್ದ. ನಗುತ್ತಲೇ ಚೌಕಟ್ಟಿಗೆ ಅಡ್ಡಲಾಗಿ ಕೈ ಊರಿದ. "ಏನ್ ಮಾತಾಡಾಕತ್ತಿದ್ರಿ ಇಬ್ರೂ?"

ಅಂದು ಪೊಲೀಸರ ಮುಂದೆಯೂ ಅವನು ಹೀಗೇ ಎದುರಿಗೆ ನಿಂತಿದ್ದ. ಮಂಗಳವ್ವ ದೀಪಿಕಾಳ ರಟ್ಟೆ ಹಿಡಿದಳು, ಆಮೇಲೆ ಚಾಳಿಗೆಲ್ಲ ಕೇಳುವಂತೆ, "ಈಕೀನ್ನ ಕರಕೊಂಡ ಹೊಂಟೇನಿ!" ಎಂದಳು.

"ಯಾರನ್ನ ಕೇಳಿ?"

ಒಂದೆರಡು ಬಾಗಿಲು ತೆರೆದವು. ಇಸಾಕಸಾಬ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ಅಂಗಳದಲ್ಲಿ ನಿಂತ. ಅವನ ಹಿಂದೆ ಹೆಂಡತಿ ಜಾಹೀದಾ.

"ದಾರಿ ಬಿಡೋ ತಿರಕಪ್ಪ," ಎಂದ ಇಸಾಕಸಾಬ.

ತಿರಕಪ್ಪ ಒಬ್ಬೊಬ್ಬರ ಮುಖವನ್ನೂ ಸಾವಕಾಶ ನೋಡಿದ. ಕೊನೆಗೆ ಕೈ ಇಳಿಸಿದ. ನಗು ಮಾತ್ರ ಹಾಗೇ ಇತ್ತು. "ಹೋಗಿ ಬಾ. ಸಂಜೀಕೆ ಕರಿಯಾಕ ಬರ್ತೇನಿ," ಎಂದ ಹೆಂಡತಿಗೆ.

ಇಬ್ಬರೂ ಬಸ್ಸು ಹತ್ತಿ ಕೂತರು; ಬಸ್ಸು ಊರು ದಾಟಿತು. ಕಂಡಕ್ಟರ್ ಬಂದಾಗ ಮಂಗಳವ್ವ, "ಹಾವೇರಿ ಎರಡ ಕೊಡ್ರಿ. ಎಸ್ಪಿ ಆಫೀಸ್ ಹತ್ರ ಇಳಸ್ರಿ," ಎಂದಳು.

"ಅಗಡಿಗೆ, ನಮ್ಮ ತವರಮನಿಗೆ ಅಲ್ಲೇನ್ರಿ?" ದೀಪಿಕಾ ಕೇಳಿದಳು.

"ಅಲ್ಲಿಗೂ ಹೋಗೂಣು. ಮೊದಲ ನಾ ಹೇಳೂದೈತಿ."

ಹೊರಗೆ ಮಂಜಿನಲ್ಲಿ ಹೆದ್ದಾರಿ ಹತ್ತು ಮಾರಿಗಿಂತ ಆಚೆ ಕಾಣುತ್ತಿರಲಿಲ್ಲ. ದೀಪಿಕಾ ಚಪ್ಪಲಿ ಮೆಟ್ಟಿರಲಿಲ್ಲ. ಬಸ್ಸಿನ ತಣ್ಣನೆಯ ತಗಡಿನ ಮೇಲೆ ಅವಳ ಕಾಲ್ಬೆರಳುಗಳು ಮುದುಡಿಕೊಂಡಿದ್ದವು.